ಹತ್ತನೇ ನಂಬರಿನ ಬಾಗಿಲು

ಆಟ ಗೆದ್ದವನೇ ಕಾಯಿ ಜೋಡಿಸಬೇಕು ಎಂಬುದು ಅವರ ನಿಯಮವಾಗಿತ್ತು. ಸೋತವನ ಕೈ ನಡುಗುತ್ತಿರುತ್ತದೆ, ಅವನಿಗೆ ಆ ಕೆಲಸ ಹೇಳಬಾರದು ಎನ್ನುತ್ತಿದ್ದರು. ಹಾಗಾಗಿ ನಾವು ಆಡಿದ ಅಷ್ಟೂ ವರ್ಷ ಕಾಯಿ ಜೋಡಿಸಿದ್ದು ಅವರೇ. ಕುದುರೆಗಳ ಮುಖವನ್ನು ಮಾತ್ರ ಎದುರಾಳಿಯ ಕಡೆಗೆ ಇಡುತ್ತಿರಲಿಲ್ಲ, ತಮ್ಮ ರಾಜನ ಕಡೆಗೆ ತಿರುಗಿಸಿ ಇಡುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, "ಕುದುರೆಗೆ ಯುದ್ಧ ಬೇಕಾಗಿಲ್ಲ, ಮಿಸ್ಟರ್ ಮ್ಯಾನೇಜರ್. ಅದಕ್ಕೆ ಮನೆಗೆ ಹೋಗಬೇಕು" ಎಂದಿದ್ದರು.

ಅವರು ಬಲ್ಗೇರಿಯಾದವರು. ಸೋಫಿಯಾ ನಗರದಲ್ಲಿ ಚೆಸ್ ಆಡಿಕೊಂಡು, ಪತ್ರಿಕೆಗೆ ಚೆಸ್ ಅಂಕಣ ಬರೆದುಕೊಂಡು ಬದುಕಿದವರು. ಚೆಸ್ ಮೇಲೆ ಎರಡು ಪುಸ್ತಕ, ಒಂದು ಕಥಾಸಂಕಲನ ಅಚ್ಚಾಗಿದ್ದವು. ಮೂರನ್ನೂ ನನ್ನ ಕೈಗೆ ಕೊಟ್ಟು ತೋರಿಸಿದ್ದರು. ಓದಲು ನನಗೆ ಆ ಲಿಪಿ ಬರುತ್ತಿರಲಿಲ್ಲ, ಹಾಳೆಗಳನ್ನು ಮೂಸಿ ನೋಡಿ ವಾಪಸು ಕೊಟ್ಟೆ. "ಇಲ್ಲಿಯವರೆಗೆ ನನ್ನ ಪುಸ್ತಕಕ್ಕೆ ಸಿಕ್ಕ ಪ್ರಾಮಾಣಿಕ ವಿಮರ್ಶೆ ಇದೊಂದೇ" ಎಂದು ನಕ್ಕರು. ನಮ್ಮಿಬ್ಬರ ಇಂಗ್ಲಿಷೂ ಅಷ್ಟಕ್ಕಷ್ಟೆ. ಅವರು ಆಡಿದ್ದನ್ನು ನನಗೆ ಅರ್ಥವಾದಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಒಂದು ಕಡೆ ಬರೆದಿದ್ದೇನೆ. ಅದು ಎಲ್ಲಿ, ಯಾಕೆ ಎಂದು ಹೇಳುವುದಕ್ಕೇ ಈ ಬರಹ.

ನಾನು ಮೈಸೂರಿನವನು. ಎಸ್ಸೆಸ್ಸೆಲ್ಸಿಗೆ ಓದು ನಿಂತಿತು. ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ದುಡಿದು ನಲ್ಲಿ, ಬೀಗ, ತಿರುಪುಗಳ ವಿದ್ಯೆ ಕಲಿತೆ. ಲಾಸ್ ಏಂಜಲೀಸಿನಲ್ಲಿದ್ದ ಅಣ್ಣ ತಡವಾಗಿ ನಮ್ಮನ್ನು ಕರೆಸಿಕೊಂಡ. 2001ರಲ್ಲಿ ಕಲ್ವರ್ ಸಿಟಿಯ ಒಂದು ಹಳೆಯ ಅಪಾರ್ಟ್‌ಮೆಂಟಿಗೆ ನಾನು ಮ್ಯಾನೇಜರ್ ಆದೆ. ಹೆಸರಿಗೆ ಮ್ಯಾನೇಜರ್. ಸೋರುವ ನಲ್ಲಿ ಕಟ್ಟುವುದು, ಕಳೆದ ಬೀಗದ ಕೈ ಮಾಡಿಸಿಕೊಡುವುದು, ಖಾಲಿಯಾದ ಮನೆಗೆ ಬಣ್ಣ ಹೊಡೆಯುವುದು ನನ್ನ ಕೆಲಸ. ನಡುವೆ ಅಂಗಳ, ಅಂಗಳದಲ್ಲಿ ನೀರಿಲ್ಲದ ಕಾರಂಜಿ, ಸುತ್ತ ಎರಡು ಅಂತಸ್ತಿನ ಮನೆಗಳು, ಗೇಟಿನಾಚೆ ಫುಟ್‌ಪಾತಿನಲ್ಲಿ ಒಂದು ಜಕರಂಡ ಮರ. ಹತ್ತನೇ ನಂಬರು ಮೇಲಂತಸ್ತಿನಲ್ಲಿ, ಮೆಟ್ಟಿಲು ಹತ್ತಿದೊಡನೆ ಎದುರಿಗೆ. ಅಂಗಳದಲ್ಲಿ ಎಲ್ಲಿ ನಿಂತರೂ ಆ ಬಾಗಿಲು ಕಾಣುತ್ತಿತ್ತು.

ನಾನು ಕೆಲಸಕ್ಕೆ ಸೇರಿದಾಗ ಅವರ ಹೆಂಡತಿ ಬದುಕಿದ್ದರು. ಕಾಯಿಲೆ ಆಗಲೇ ಮುಂದುವರಿದಿತ್ತು. ಬೆಳಿಗ್ಗೆ ಅವರು ಒಂದು ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿ, ಹೆಂಡತಿಯನ್ನು ಕೂರಿಸಿ, ಮಂಡಿಯ ಮೇಲೆ ಶಾಲು ಹೊದಿಸಿ ಒಳಗೆ ಹೋಗಿ ಟೈಪ್‌ರೈಟರ್ ಮುಂದೆ ಕೂರುತ್ತಿದ್ದರು. ಆಕೆ ಜಕರಂಡದ ಕಡೆ ನೋಡುತ್ತ ಆ ಟಕಟಕ ಸದ್ದು ಕೇಳುತ್ತಿದ್ದರು. ಸದ್ದು ಹೆಚ್ಚು ಹೊತ್ತು ನಿಂತರೆ ತಿರುಗಿ ಒಳಗೆ ಏನೋ ಕೂಗುತ್ತಿದ್ದರು. "ಏನಂತಾರೆ?" ಎಂದು ಒಮ್ಮೆ ಕೇಳಿದೆ. "ಸತ್ತೆಯಾ ಅಂತ ಕೇಳ್ತಾಳೆ. ಇಲ್ಲ, ಯೋಚನೆ ಮಾಡ್ತಿದೀನಿ ಅಂತೀನಿ. ಎರಡಕ್ಕೂ ಏನು ವ್ಯತ್ಯಾಸ ಅಂತಾಳೆ."

ಅವರು ಬರೆಯುತ್ತಿದ್ದದ್ದು ಡ್ರಾ ಆದ ಆಟಗಳ ಪುಸ್ತಕ. ಯಾರೂ ಗೆಲ್ಲದ, ಯಾರೂ ಸೋಲದ ಆಟಗಳು. ಗೆದ್ದ ಆಟಗಳ ಬಗ್ಗೆ ಜಗತ್ತಿನಲ್ಲಿ ಬೇಕಾದಷ್ಟು ಪುಸ್ತಕಗಳಿವೆ, ಇಬ್ಬರೂ ಜೀವ ಉಳಿಸಿಕೊಂಡು ಎದ್ದು ಹೋದ ಆಟಗಳ ಬಗ್ಗೆ ಇಲ್ಲ ಎಂಬುದು ಅವರ ತಕರಾರು. ಪ್ರಾಯದಲ್ಲಿದ್ದಾಗ ದೊಡ್ಡ ಚಾಂಪಿಯನ್ ಒಬ್ಬನ ಜೊತೆ ಡ್ರಾ ಮಾಡಿಕೊಂಡಿದ್ದರಂತೆ. ಮಾರನೆಯ ದಿನ ಪತ್ರಿಕೆಯಲ್ಲಿ ಇವರ ಹೆಸರೇ ತಪ್ಪಾಗಿ ಅಚ್ಚಾಗಿತ್ತಂತೆ. "ನಾನು ಅಂಕಣ ಬರೀತಿದ್ದ ಪತ್ರಿಕೆಯಲ್ಲೇ!" ಎಂದು ಹೇಳಿ ಕಣ್ಣಲ್ಲಿ ನೀರು ಬರುವವರೆಗೆ ನಗುತ್ತಿದ್ದರು. ಅಮೆರಿಕಕ್ಕೆ ಬಂದದ್ದು ವೀಸಾ ಲಾಟರಿ ಗೆದ್ದು. ಅದನ್ನೂ ಹೆಂಡತಿಯ ಹೆಸರಿನಲ್ಲಿ ಹಾಕಿದ್ದರಂತೆ. "ನನ್ನ ಹೆಸರಲ್ಲಿ ಹಾಕಿದ್ದರೆ ಅದೂ ಡ್ರಾ ಆಗ್ತಿತ್ತು."

ನಾನು ಕೆಲಸಕ್ಕೆ ಸೇರಿದ ವರ್ಷವೇ, ಅಕ್ಟೋಬರಿನಲ್ಲಿ, ಆಕೆ ತೀರಿಕೊಂಡರು.

ನಲವತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಹತ್ತನೇ ನಂಬರಿನ ಬಾಗಿಲ ಮೇಲೆ ಒಂದು ಕಾಗದ ಕಂಡಿತು. ಸುತ್ತ ಕಪ್ಪು ಅಂಚು, ಮೇಲೆ ತಲೆಗೆ ಬಟ್ಟೆ ಕಟ್ಟಿ ನಗುತ್ತಿರುವ ಆಕೆಯ ಫೋಟೋ, ಕೆಳಗೆ ಅವರ ಭಾಷೆಯ ನಾಲ್ಕು ಸಾಲು. ಬಾಗಿಲಿಗೆ ಏನನ್ನೂ ಅಂಟಿಸಬಾರದೆಂಬುದು ಮಾಲೀಕರ ನಿಯಮ. ಹೇಳಲು ಮೇಲೆ ಹೋದೆ. ಅವರು ಬಾಗಿಲು ತೆರೆದು, ನಾನು ಬಾಯಿ ಬಿಡುವ ಮೊದಲೇ ತಮ್ಮ ಊರಿನ ಪದ್ಧತಿ ಹೇಳಿದರು. ಅಲ್ಲಿ ಸತ್ತವರ ಹೆಸರಿನ ಕಾಗದವನ್ನು ಮನೆಯ ಬಾಗಿಲಿಗೆ, ಬೀದಿಯ ಮರಕ್ಕೆ, ಬಸ್‌ಸ್ಟಾಪಿಗೆ ಅಂಟಿಸುತ್ತಾರೆ. ನಲವತ್ತನೆಯ ದಿನ, ಆರನೆಯ ತಿಂಗಳು, ಆಮೇಲೆ ವರ್ಷ ವರ್ಷ. ಹೋಗಿ ಬರುವವರು ಒಂದು ಕ್ಷಣ ನಿಂತು ಓದುತ್ತಾರೆ. ಮನೆಯವರು ಬೇಯಿಸಿದ ಗೋಧಿಗೆ ಸಕ್ಕರೆ, ಅಕ್ರೋಟು ಬೆರೆಸಿ ಕಂಡವರಿಗೆಲ್ಲ ಕೊಡುತ್ತಾರೆ. ತಿಂದವರು ಒಂದು ಮಾತು ಹೇಳಬೇಕು: ಬೊಗ್ ದ ಪ್ರೊಸ್ತಿ. ದೇವರು ಕ್ಷಮಿಸಲಿ ಎಂದರ್ಥ. ಎಷ್ಟು ಜನರ ಬಾಯಲ್ಲಿ ಆ ಮಾತು ಬಂದರೆ ಹೋದ ಜೀವಕ್ಕೆ ಅಷ್ಟು ಹಗುರ.

"ಇಲ್ಲಿ ನನಗೆ ಬೀದಿ ಇಲ್ಲ. ಬಾಗಿಲು ಒಂದಿದೆ" ಎಂದರು. "ಸಂಜೆಯವರೆಗೆ ಇರಲಿ, ಮಿಸ್ಟರ್ ಮ್ಯಾನೇಜರ್."

ಆಗಲಿ ಎಂದೆ. ಅವತ್ತು ಅವರು ಕೊಟ್ಟ ಎರಡು ಕಪ್ ಗೋಧಿಯನ್ನು ಮನೆಗೆ ತಂದೆ. ನನ್ನ ಹೆಂಡತಿ ಗಿರಿಜಾ ಧಾರವಾಡದವಳು. ಮೂಸಿ ನೋಡಿ, "ಅಯ್ಯ, ಇದು ನಮ್ಮ ಗೋಧಿ ಹುಗ್ಗಿನ ಬಿಡ್ರಿ, ಬೆಲ್ಲ ಒಂದ ಇಲ್ಲ" ಎಂದಳು. ಸತ್ತವರ ಹೆಸರಿನದು, ಬೇರೆಯವರ ಸೂತಕದ ಅನ್ನ, ನನಗೆ ಬೇಡ ಎಂದೆ.

"ಯಾಕ್ರಿ? ನಮ್ಮಾಗ ತಿಥಿ ಊಟಕ್ಕ ಊರಿಗೆ ಊರ ಬರ್ತದಲ್ಲ! ಆ ಮನಷ್ಯಾ ಒಬ್ಬಾಂವ ಅದಾನ. ಯಾರ್ ತಿನ್ನಬೇಕು?" ಎಂದು ಎರಡು ಕಪ್ಪನ್ನೂ ತಾನೇ ತಿಂದು, ಮೇಲಕ್ಕೆ ಹೋಗಿ ಆ ಮಾತನ್ನು ತನ್ನ ಧಾಟಿಯಲ್ಲಿ ಹೇಳಿ ಬಂದಳು. ಅವರು ಅವಳ ಎದುರು ತಲೆಯನ್ನು ಅಡ್ಡಡ್ಡ ಆಡಿಸಿದರಂತೆ. ಗಿರಿಜಾ ತಪ್ಪು ಹೇಳಿದೆನೇನೋ ಎಂದು ಮತ್ತೆ ಮತ್ತೆ ಹೇಳಿದಳಂತೆ. ಅವರ ಊರಿನಲ್ಲಿ ಹೌದು ಎನ್ನುವುದಕ್ಕೆ ತಲೆಯನ್ನು ಹಾಗೆ ಆಡಿಸುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನಮ್ಮ ತಲೆಯಾಡಿಸುವಿಕೆ ಯಾವ ದೇಶದವರಿಗೂ ಅರ್ಥವಾಗುವುದಿಲ್ಲ ಎಂದು ಕೇಳಿದ್ದೆ. ಅದನ್ನು ಶ್ರಮವಿಲ್ಲದೆ ಅರ್ಥ ಮಾಡಿಕೊಂಡ ಮನುಷ್ಯ ನನಗೆ ಸಿಕ್ಕಿದ್ದು ಇವರೊಬ್ಬರೇ.

ಆಮೇಲೆ ನಾವು ಸಂಜೆ ಹೊತ್ತು ಕಾರಂಜಿಯ ಕಟ್ಟೆಯ ಮೇಲೆ ಆಡಲು ಶುರು ಮಾಡಿದೆವು. ನನಗೆ ಬರುತ್ತಿದ್ದದ್ದು ಮೈಸೂರಿನ ಚದುರಂಗ. ರಾಜನಿಗೆ ಇನ್ನೂ ಷಾ, ಅಂದರೆ ಚೆಕ್, ಬಿದ್ದಿರದಿದ್ದರೆ ಅವನು ಒಮ್ಮೆ ಕುದುರೆಯಂತೆ ಹಾರಬಹುದು ಎಂದು ನಾನು ಹಾರಿಸಿದಾಗ ಅವರು ಹಣೆಗೆ ಕೈ ಹಚ್ಚಿಕೊಂಡರು.

"ರಾಜ ಹಾರ್ತಾನಾ?"

"ಒಂದೇ ಸಲ."

"ನಮ್ಮ ರಾಜನೂ ಹಾರಿದ್ದ. ದೇಶ ಬಿಟ್ಟೇ ಹಾರಿದ. ಆಡಿ, ಆಡಿ."

ನಾನು ಆನೆ ಎನ್ನುವ ಕಾಯಿ ಅವರಿಗೆ ಫಿರಂಗಿ. ನನ್ನ ಒಂಟೆ ಅವರ ಭಾಷೆಯಲ್ಲಿ ಅಧಿಕಾರಿ. "ನಿಮ್ಮ ಸೈನ್ಯವೇ ಒಳ್ಳೆಯದು. ಪ್ರಾಣಿಗಳು ಸುಳ್ಳು ಹೇಳಲ್ಲ" ಎನ್ನುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ದಯೆ ಇರಲಿಲ್ಲ. ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮುಟ್ಟಿ, ನೋಡಿ, ಕೈ ಹಿಂದೆ ತೆಗೆದುಕೊಳ್ಳುವುದು ನನ್ನ ಚಾಳಿ. "ಕೈ ಮೊದಲು ಹೋಯ್ತು, ತಲೆ ಆಮೇಲೆ ಬಂತು. ಈಗ ನಡೆಸಿ" ಎಂದು ಕೂತುಬಿಡುತ್ತಿದ್ದರು.

ನಮ್ಮ ಆಟ ನೋಡಿದ ಅಣ್ಣನ ಸ್ನೇಹಿತರೊಬ್ಬರು ತಮ್ಮ ಮಗಳನ್ನು ಕಳಿಸಿದರು. ಕ್ರಮೇಣ ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಮಕ್ಕಳ ಗುಂಪೇ ಸೇರತೊಡಗಿತು. ಪಸಡೀನಾದಿಂದ, ಬೇರೆ ಬೇರೆ ಕಡೆಯಿಂದ ಕನ್ನಡದವರು ಡ್ರೈವ್ ಮಾಡಿಕೊಂಡು ಬರುತ್ತಿದ್ದರು. ಎಲ್ಲರೂ ಓದಿದವರು. ಮಕ್ಕಳು ಅವರನ್ನು ಮಿಸ್ಟರ್ ಡ್ರಾ ಎಂದು ಕರೆಯುತ್ತಿದ್ದವು. ಅಪ್ಪ ಅಮ್ಮಂದಿರು ನನ್ನನ್ನು ಅಂಕಲ್ ಎನ್ನುತ್ತಿದ್ದರು. "ಅಂಕಲ್, ಇದೆಲ್ಲಾ ನೀವು ಅರೇಂಜ್ ಮಾಡಿದ್ದಾ? ಗ್ರೇಟ್" ಎಂದು ಒಬ್ಬ ಎಂಜಿನಿಯರ್ ಕೈ ಕುಲುಕಿದಾಗ ನನಗಾದ ಸಂತೋಷವನ್ನು ಈಗ ನೆನೆಯಲು ನಾಚಿಕೆಯಾಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ನನ್ನ ಕೈಯನ್ನು ಯಾರೂ ಕುಲುಕಿರಲಿಲ್ಲ. ಅಲ್ಲಿಂದಲೇ ನಾನು ಕೆಟ್ಟದ್ದು.

2004ರ ಅಕ್ಟೋಬರಿನಲ್ಲಿ ಮಕ್ಕಳಿಗೆ ಒಂದು ಪುಟ್ಟ ಪಂದ್ಯ ಏರ್ಪಡಿಸಿದೆವು. ಗೆದ್ದವರಿಗೆ ಬಹುಮಾನದ ಕಪ್ಪು ಕೊಡುವವನು ನಾನು. ಅದಕ್ಕಾಗಿ ಕೋಟು ಇಸ್ತ್ರಿ ಮಾಡಿಸಿಕೊಂಡಿದ್ದೆ. ಪಂದ್ಯ ಬಿದ್ದ ಶನಿವಾರವೇ ಅವರ ಹೆಂಡತಿ ತೀರಿಕೊಂಡ ದಿನ. ನನಗೆ ನೆನಪಿರಲಿಲ್ಲ. ಬೆಳಿಗ್ಗೆ ಅವರು ಬಂದು ಹೇಳಿದರು. ಅವರ ಮುಖದಲ್ಲಿ ಎಂದೂ ಕಾಣದ ಸಡಗರವಿತ್ತು.

"ಇವತ್ತು ಎಷ್ಟೊಂದು ಮಕ್ಕಳು ಬರ್ತಾರೆ! ಮಕ್ಕಳ ಬಾಯಿಂದ ಬಂದ ಮಾತು ಬೇಗ ಕೇಳಿಸುತ್ತೆ. ತುಂಬ ಮಾಡಿದೀನಿ. ಕಾಗದ ಹಾಕಲಾ? ಸಂಜೆಯವರೆಗೆ."

ಹಾಕಿ ಎಂದೆ.

ಅವತ್ತು ಮರುಭೂಮಿಯ ಕಡೆಯಿಂದ ಬೀಸುವ ಬಿಸಿಗಾಳಿ ಎದ್ದಿತ್ತು. ಜಕರಂಡದ ಎಲೆಯೆಲ್ಲ ಅಂಗಳದಲ್ಲಿ. ಕಾರುಗಳು ಬರತೊಡಗಿದವು. ಪಸಡೀನಾದಿಂದ ಬರುತ್ತಿದ್ದ ಮೈಸೂರಿನ ಮುಸ್ಲಿಂ ದಂಪತಿಗಳ ಮಗ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದ. ಆ ತಾಯಿ ಅಂಗಳಕ್ಕೆ ಬಂದವರೇ ತಲೆ ಎತ್ತಿ ನೋಡಿದರು.

"ಅಂಕಲ್, ಮೇಲೆ ಆ ಡೋರ್ ಮೇಲೆ ಯಾರ್ದು ಫೋಟೋ? ಮಕ್ಳು ಕೇಳ್ತಿದಾರೆ."

ಅಷ್ಟೇ ಅವರು ಕೇಳಿದ್ದು. ಆದರೆ ನನಗೆ ಕೇಳಿಸಿದ್ದು ಬೇರೆ. ಶುಭಕಾರ್ಯದ ದಿನ ಎದುರಿಗೇ ಸತ್ತವರ ಫೋಟೋ ಇಟ್ಟಿದ್ದೀರಲ್ಲ, ನಿಮಗೆ ಅಷ್ಟೂ ತಿಳಿಯುವುದಿಲ್ಲವೇ ಎಂದು ಆ ಓದಿದ ಹೆಣ್ಣುಮಗಳು ಕೇಳಿದಂತಾಯಿತು. "ಏನಿಲ್ಲಮ್ಮ, ಹಳೇ ಕಾಗದ. ಒಂದ್ನಿಮಿಷ" ಎಂದು ಮೆಟ್ಟಿಲು ಹತ್ತಿದೆ.

ಬಾಗಿಲ ಹಿಂದೆ ಅವರು ಏನೋ ಗುನುಗುತ್ತ ಶರ್ಟು ಇಸ್ತ್ರಿ ಮಾಡುತ್ತಿದ್ದರು. ಇಸ್ತ್ರಿಯ ಬಿಸಿ ವಾಸನೆ ಹೊರಗೂ ಬರುತ್ತಿತ್ತು. ನಾನು ಟೇಪಿನ ಮೂಲೆಯನ್ನು ಉಗುರಿನಿಂದ ಎತ್ತಿದೆ. ಕೈ ಮೊದಲು ಹೋಯಿತು. ಹಿಂದೆ ತೆಗೆದುಕೊಳ್ಳಬಹುದಿತ್ತು, ಆಗ ಯಾರೂ ನೋಡುತ್ತಿರಲಿಲ್ಲ. ಬಾಗಿಲಿನ ಬಣ್ಣ ನಾನೇ ಹೊಡೆದದ್ದು, ಕಿತ್ತು ಬರಬಾರದೆಂದು ಟೇಪನ್ನು ಒಂದೊಂದಾಗಿ, ನಿಧಾನವಾಗಿ ಸುಲಿದೆ. ಅಭ್ಯಾಸ. ನಗುತ್ತಿದ್ದ ಆ ಮುಖವನ್ನು ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡೆ.

ಅಷ್ಟರಲ್ಲಿ ಬಾಗಿಲು ತೆರೆಯಿತು. ಅವರ ಕೈಯಲ್ಲಿ ದೊಡ್ಡ ಟ್ರೇ, ಅದರ ತುಂಬ ಕಾಗದದ ಕಪ್ಪುಗಳು, ಒಂದೊಂದರ ಮೇಲೂ ಒಂದೊಂದು ಅಕ್ರೋಟಿನ ಚೂರು. ಬಾಗಿಲ ಹೊರಮುಖ ನೋಡಲು ಅವರಿಗೆ ಅವಕಾಶವಾಗದಂತೆ ಮುಂದೆ ಬಂದು ಟ್ರೇ ಇಸಿದುಕೊಂಡೆ.

"ನಾನು ಕೊಡ್ತೀನಿ ಮಕ್ಕಳಿಗೆ. ನೀವು ರೆಡಿ ಆಗಿ ಬನ್ನಿ."

"ಆ ಮಾತು ಹೇಳಿಕೊಡಿ. ಇಲ್ಲದಿದ್ದರೆ ಬರೀ ತಿಂಡಿ ಆಗುತ್ತೆ."

"ಆಯ್ತು."

ಹಿಂದಿನ ಮೆಟ್ಟಿಲಿಳಿದು, ಬಟ್ಟೆ ಒಗೆಯುವ ಕೋಣೆಯ ಹಿಂದಿದ್ದ ಕಸದ ಡಬ್ಬಿಯ ಮುಚ್ಚಳ ಎತ್ತಿ ಅಷ್ಟನ್ನೂ ಸುರಿದೆ. ಜೇಬಿನಲ್ಲಿದ್ದ ಕಾಗದವನ್ನೂ ಹಾಕಿದೆ.

ಪಂದ್ಯ ಚೆನ್ನಾಗಿ ನಡೆಯಿತು. ಮಕ್ಕಳು ಬಾಗಿಲಿಗೇ ಹೋಗಿ ಅವರನ್ನು ಕೈ ಹಿಡಿದು ಕೆಳಗೆ ಎಳೆದು ತಂದವು, ಸಂಜೆಯವರೆಗೆ ಹಲಗೆಗಳಿಂದ ತಲೆ ಎತ್ತಲು ಬಿಡಲಿಲ್ಲ. ನಾನು ಕಪ್ಪು ಕೊಟ್ಟೆ, ಫೋಟೋ ತೆಗೆಸಿಕೊಂಡೆ. ಎಲ್ಲರೂ ಹೋದ ಮೇಲೆ ಅವರು ಕಾರಂಜಿಯ ಕಟ್ಟೆಯ ಮೇಲೆ ಕೂತು ಕೇಳಿದರು.

"ತಿಂದ್ರಾ?"

"ಎಲ್ಲ ಖಾಲಿ."

"ಎಲ್ಲ? ಆ ಮಾತು ಹೇಳಿದ್ರಾ?"

"ಹೇಳಿದ್ರು."

ಅವರು ತಲೆಯನ್ನು ಅಡ್ಡಡ್ಡ ಆಡಿಸುತ್ತ ಕೂತರು. ಆಮೇಲೆ, "ಅವಳಿಗೆ ಮಕ್ಕಳೆಂದರೆ ಆಸೆ ಇತ್ತು. ನಮಗೆ ಆಗಲಿಲ್ಲ" ಎಂದರು. ಅದನ್ನು ಅವರು ನನಗೆ ಅಲ್ಲಿಯವರೆಗೆ ಹೇಳಿರಲಿಲ್ಲ.

ಮೆಟ್ಟಿಲು ಹತ್ತಿ ಹೋದವರು ಬಾಗಿಲ ಮುಂದೆ ನಿಂತರು. ಕೆಳಗಿನಿಂದಲೇ ಕೂಗಿ ಹೇಳಿದೆ: "ಗಾಳಿ! ಬೆಳಿಗ್ಗೆಯಿಂದ ಹೇಗೆ ಬೀಸ್ತಿದೆ ನೋಡಿ." ಅವರು ಬಾಗಿಲ ಮೇಲೆ ಟೇಪು ಇದ್ದ ಜಾಗವನ್ನು ಬೆರಳಿನಿಂದ ಸವರಿದರು. ಒಂದು ಮೂಲೆ, ಇನ್ನೊಂದು ಮೂಲೆ.

"ಇಲ್ಲಿನ ಗಾಳಿ ಒಳ್ಳೆ ಕೆಲಸಗಾರ, ಮಿಸ್ಟರ್ ಮ್ಯಾನೇಜರ್. ಬಣ್ಣ ಒಂಚೂರೂ ಕಿತ್ತಿಲ್ಲ."

ನಾನು ನಕ್ಕೆ. ಏನು ಮಾಡಬೇಕೆಂದು ತೋಚದೆ ನಕ್ಕುಬಿಟ್ಟೆ. ಅವರು ನಗಲಿಲ್ಲ, ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಗಿರಿಜಾ ಕಿಟಕಿಯಿಂದ ಕರೆದಳು. "ಇಲ್ಲಿ ಬರ್ರಿ, ಗಿಡದ ಬುಡಕ್ಕ ನೋಡ್ರಿ ಎಷ್ಟ್ ಕಾಗಿ!" ಜಕರಂಡದ ಬುಡದಲ್ಲಿ ಗೋಧಿಯ ರಾಶಿ. ಕಾಗೆಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತಿದ್ದವು. "ಕಾಗಿ ಮುಟ್ಟ್ಯಾವ, ಛಲೋ ಆತು. ಯಾರು ಹಾಕ್ಯಾರೋ ಏನೋ" ಎಂದು ಅವಳು ಕೈ ಮುಗಿದಳು. ನಾನು ಹಿಂದಕ್ಕೆ ಓಡಿ ಕಸದ ಡಬ್ಬಿ ನೋಡಿದೆ. ಕಾಗದದ ಕಪ್ಪುಗಳನ್ನು ಒಂದರೊಳಗೊಂದು ಸೇರಿಸಿ, ನೆಟ್ಟಗೆ, ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದರು. ಆಟ ಮುಗಿದ ಮೇಲೆ ಕಾಯಿ ಜೋಡಿಸಿದಂತೆ. ಆಕೆಯ ಕಾಗದ ಅಲ್ಲಿರಲಿಲ್ಲ.

ಅವತ್ತು ಸಂಜೆ ಅವರು ಎಂದಿನಂತೆ ಹಲಗೆ ಹಿಡಿದು ಕೆಳಗೆ ಬಂದರು. ಆಡಿದೆವು. ಒಂದು ಮಾತು ಕೇಳಲಿಲ್ಲ. ಬೈದಿದ್ದರೆ ಕಾಲು ಹಿಡಿಯುತ್ತಿದ್ದೆನೇನೋ. ಅವರು ಕಾಯಿ ಜೋಡಿಸಿ, "ನಿಮ್ಮ ನಡೆ" ಎಂದರು. ನಾನು ನಡೆಸಿದೆ. ಹೇಳಬೇಕಾದ್ದನ್ನು ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಬರಲೇ ಇಲ್ಲ.

ಮಾರನೆಯ ವರ್ಷ ಅದೇ ದಿನ ನಾನು ಬೆಳಗಿನಿಂದ ಆ ಬಾಗಿಲನ್ನೇ ನೋಡುತ್ತಿದ್ದೆ. ಕಾಗದ ಬರಲಿಲ್ಲ. ಗೋಧಿಯೂ ಬರಲಿಲ್ಲ. ಮಧ್ಯಾಹ್ನ ಅಡುಗೆಮನೆಯ ನಲ್ಲಿ ಸೋರುತ್ತಿದೆ ಎಂದು ಕರೆದರು. ಹೋಗಿ ಕಟ್ಟಿದೆ. ಹೊರಡಲು ತಿರುಗಿದಾಗ ಮುಚ್ಚಿದ ಬಾಗಿಲ ಒಳಮುಖ ಕಂಡಿತು. ಅಲ್ಲಿ ಅಂಟಿಸಿದ್ದರು. ಹೊಸದಲ್ಲ, ಅದೇ ಕಾಗದ. ನನ್ನ ಜೇಬಿನ ಮಡಿಕೆ ಆಕೆಯ ಮುಖದ ನಡುವೆ ಗೆರೆಯಾಗಿ ಉಳಿದಿತ್ತು.

ನಾನು ಬಾಗಿಲು ತೆರೆಯಲಾರದೆ ನಿಂತೆ. ಅವರು ಹಿಂದಿನಿಂದ ಬಂದು, ಮೆಲ್ಲಗೆ, ಟೇಪು ಸರಿಯದಂತೆ, ತಾವೇ ತೆರೆದರು.

"ಒಳಗೆ ಗಾಳಿ ಕಡಿಮೆ" ಎಂದರು.

2006ರಲ್ಲಿ ಮಗಳಿಗೆ ಎರಡನೆಯ ಮಗುವಾಯಿತು. ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್‌ನಲ್ಲಿ ಅವಳ ಮನೆ. ನಾವು ಅಲ್ಲಿಗೆ ಹೊರಟೆವು. ಬಿಡುವ ದಿನ ಅವರು ಕೆಳಗೆ ಬಂದು ಗಿರಿಜಾಳ ಕೈಗೆ ಮುತ್ತಿಟ್ಟರು. ಅವಳು ನಾಚಿ, "ಏನ್ರಿ ಇದು, ಈ ವಯಸ್ಸಿನ್ಯಾಗ" ಎಂದು ಸೆರಗಿನಿಂದ ಕೈ ಒರೆಸಿಕೊಂಡು ಅತ್ತಳು. ಅವರು ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋದರು.

"ಒಂದು ಕೆಲಸ ಇದೆ. ಅವಳ ಕಾಗದ ನಾನು ಒಳಗಿನಿಂದ ಅಂಟಿಸಿಕೊಳ್ತೀನಿ. ನನ್ನದನ್ನು ಒಳಗಿನಿಂದ ಅಂಟಿಸೋಕಾಗಲ್ಲ. ಹೊರಗೆ ಒಬ್ಬರು ಬೇಕು." ಸ್ವಲ್ಪ ತಡೆದು, "ನಿಮಗೆ ಟೇಪಿನ ಕೆಲಸ ಚೆನ್ನಾಗಿ ಬರುತ್ತೆ" ಎಂದರು.

ಆ ಕೊನೆಯ ಮಾತು ಚುಚ್ಚಲು ಆಡಿದ್ದಲ್ಲ. ಅವರ ಕಣ್ಣಲ್ಲಿ ತಮಾಷೆ ಇತ್ತು, ಅದರ ಹಿಂದೆ ಭಯ ಇತ್ತು. ಹತ್ತಿರದವರು ಎಂದರೆ ಷಿಕಾಗೋದಲ್ಲಿದ್ದ ಅಕ್ಕನ ಮಗ ಒಬ್ಬನೇ. ಅವನಿಗೆ ಇಂಥದ್ದರಲ್ಲಿ ನಂಬಿಕೆ ಇಲ್ಲ ಎಂದು ಹೇಳುತ್ತಿದ್ದರು. ಬಾಯಿ ತೆರೆದು ಎಲ್ಲ ಹೇಳಿಬಿಡಬೇಕಿತ್ತು. ತಲೆಯಾಡಿಸಿದೆ. ಆಗಲಿ ಎಂದು ಅವರಿಗೆ ಅರ್ಥವಾಯಿತು.

ಮುಂದಿನ ವರ್ಷ ಫೋರ್ ಎಸ್ ರ್ಯಾಂಚ್‌ನ ಒಂದು ನಾಮಕರಣದಲ್ಲಿ ಪಸಡೀನಾದ ಆ ದಂಪತಿಗಳು ಸಿಕ್ಕರು. ಮಿಸ್ಟರ್ ಡ್ರಾ ಹೇಗಿದ್ದಾರೆ ಎಂದು ವಿಚಾರಿಸಿದರು. ಯಾಕೋ ತಡೆಯಲಾಗದೆ ಅವತ್ತಿನ ಫೋಟೋದ ವಿಷಯ, ಗೋಧಿಯ ವಿಷಯ ಹೇಳಿದೆ. ಚೆಲ್ಲಿದ್ದನ್ನು ಹೇಳಲಿಲ್ಲ, ಕೊಡಲಾಗಲಿಲ್ಲ ಎಂದೆ. ಆ ತಾಯಿ ತಟ್ಟೆ ಕೆಳಗಿಟ್ಟರು.

"ಅರೆ ಅಂಕಲ್, ಕೊಟ್ಟಿದ್ರೆ ಎಲ್ರೂ ತಿಂತಿದ್ವಲ್ಲ! ನಮ್ಮನೇಲೂ ತೀರ್ಕೊಂಡವ್ರ ಹೆಸ್ರಲ್ಲಿ ಫಾತಿಹಾ ಓದಿಸಿ ಹಂಚಲ್ವಾ? ಪಾಪ, ವೈಫ್ ಫೋಟೋನೇ ಇರ್ಬೇಕು, ಅವ್ರಿಗೆ ಒಂದ್ ಮಾತು ಹೇಳೋಣ ಅಂತಾನೇ ನಾನು ಕೇಳಿದ್ದು."

ಯಾರಿಗೆ ಹೆದರಿ ನಾನು ಆ ಪಾಪ ಮಾಡಿದೆನೋ ಅವರು ಎಲ್ಲೂ ಇರಲೇ ಇಲ್ಲ.

ಆ ಅಕ್ಟೋಬರಿನಲ್ಲೇ ಸ್ಯಾನ್ ಡಿಯೇಗೋದ ಗುಡ್ಡಗಳಿಗೆ ಬೆಂಕಿ ಬಿತ್ತು. ಅದೇ ಬಿಸಿಗಾಳಿ. ಆಕಾಶ ಕಿತ್ತಳೆ ಬಣ್ಣವಾಗಿ ಬೂದಿ ಉದುರುತ್ತಿತ್ತು. ಮನೆ ಖಾಲಿ ಮಾಡಿ ಎಂದು ಪೊಲೀಸರು ಕೂಗಿಕೊಂಡು ಹೋದರು. ಕಾರಿಗೆ ಸಾಮಾನು ತುಂಬುತ್ತಿರುವಾಗ ಫೋನ್ ಬಂತು.

"ಮಿಸ್ಟರ್ ಮ್ಯಾನೇಜರ್, ಟೀವೀಲಿ ನೋಡ್ದೆ. ಎಲ್ಲರನ್ನೂ ಕರ್ಕೊಂಡು ಇಲ್ಲಿಗೆ ಬನ್ನಿ. ಮಂಚ ಮಗಳಿಗೆ, ಮಕ್ಕಳಿಗೆ. ನಾವಿಬ್ಬರು ನೆಲದ ಮೇಲೆ. ಹತ್ತನೇ ನಂಬರು ತೆರೆದಿದೆ."

"ನಮ್ಮವರ ಮನೆ ಇದೆ, ಹೋಗ್ತೀವಿ" ಎಂದೆ.

ಆಮೇಲೆ, "ಈ ಸಲ ನಿಜವಾಗಿ ಗಾಳಿಯೇ, ಅಲ್ಲವಾ?" ಎಂದರು. ಅವರ ನಗು ಕೇಳಿಸಿತು. ಮೂರು ವರ್ಷದಿಂದ ನನಗೆ ಸಿಗದಿದ್ದ ಬಾಗಿಲನ್ನು ಅವರೇ ತೆರೆದು ಹಿಡಿದುಕೊಂಡು ನಿಂತಿದ್ದರು. ಹೌದು, ಅವತ್ತು ಗಾಳಿಯಲ್ಲ, ನಾನು ಎನ್ನಬೇಕಿತ್ತು. ಅಳಿಯ ಹಾರ್ನ್ ಮಾಡಿದ. "ಆಮೇಲೆ ಫೋನ್ ಮಾಡ್ತೀನಿ" ಎಂದೆ.

ಮಾಡಲಿಲ್ಲ. ಬೆಂಕಿ ಆರಿತು, ಮನೆ ಉಳಿಯಿತು, ಹಬ್ಬ ಬಂತು, ಮಗುವಿಗೆ ಜ್ವರ ಬಂತು. 2008ರ ವಸಂತದಲ್ಲಿ ಮಾಡಿದಾಗ ಆ ನಂಬರು ಇರಲಿಲ್ಲ. ಕಟ್ಟಡದ ಆಫೀಸಿಗೆ ಮಾಡಿದೆ. ಹೊಸ ಮ್ಯಾನೇಜರ್ ಎತ್ತಿಕೊಂಡ. ಚಳಿಗಾಲದಲ್ಲೇ ತೀರಿಕೊಂಡರು, ಷಿಕಾಗೋದಿಂದ ಯಾರೋ ಬಂದು ಕಾಗದದ ಪೆಟ್ಟಿಗೆಗಳನ್ನು ತೆಗೆದುಕೊಂಡು ಹೋದರು, ಮನೆಯನ್ನು ಬೇರೆಯವರಿಗೆ ಕೊಟ್ಟಾಯಿತು ಎಂದ. ಡ್ರಾ ಆದ ಆಟಗಳ ಪುಸ್ತಕ ಮುಗಿದಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ.

ಅವತ್ತು ಗಿರಿಜಾಳಿಗೆ ಎಲ್ಲವನ್ನೂ ಹೇಳಿದೆ. ಕಸದ ಡಬ್ಬಿಯವರೆಗೆ, ಎಲ್ಲ. ಅವಳು ಬಹಳ ಹೊತ್ತು ನನ್ನ ಮುಖ ನೋಡಲಿಲ್ಲ. ಆಮೇಲೆ ಎದ್ದು ಹೋಗಿ ಗೋಧಿ ನೆನೆಹಾಕಿದಳು.

"ಅತ್ತು ಏನ್ ಮಾಡ್ತೀರಿ? ಹೋಗಿ ಅಂಟಿಸಿ ಬರ್ರಿ."

ಅಂಗಳದ ಪಂದ್ಯದ ದಿನ ತೆಗೆದ ಫೋಟೋದಲ್ಲಿ ಅವರೂ ಇದ್ದರು. ಇಸ್ತ್ರಿ ಮಾಡಿದ ಶರ್ಟು, ಸಂತೋಷದ ಮುಖ. ನನ್ನ ಮಾತು ನಂಬಿದ್ದ ದಿನದ ಮುಖ. ಪಕ್ಕದಲ್ಲಿ ಕೋಟು ಹಾಕಿ ನಿಂತಿದ್ದ ನನ್ನನ್ನು ಕತ್ತರಿಸಿ ತೆಗೆದೆ. ಸುತ್ತ ಕಪ್ಪು ಅಂಚು ಬರೆದೆ. ಅವರ ಲಿಪಿ ನನಗೆ ಬಾರದು. ಅವರ ಹೆಸರನ್ನು ಕನ್ನಡ ಅಕ್ಷರದಲ್ಲಿ ಬರೆದೆ, ತಪ್ಪಾಗಬಾರದೆಂದು ಮೂರು ಸಲ ಬಾಯಲ್ಲಿ ಹೇಳಿಕೊಂಡು ಬರೆದೆ. ಕೆಳಗೆ, ಚದುರಂಗದ ಆಟಗಾರರು, ಲೇಖಕರು ಎಂದು ಬರೆದೆ. ಅದರ ಕೆಳಗೆ ಆ ಮೂರು ಪದ: ಬೊಗ್ ದ ಪ್ರೊಸ್ತಿ.

ರೈಲಿನಲ್ಲಿ ಲಾಸ್ ಏಂಜಲೀಸಿಗೆ, ಅಲ್ಲಿಂದ ಬಸ್ಸಿನಲ್ಲಿ ಕಲ್ವರ್ ಸಿಟಿಗೆ ಇಬ್ಬರೂ ಹೋದೆವು. ಗಿರಿಜಾಳ ಮಡಿಲಲ್ಲಿ ಗೋಧಿಯ ಡಬ್ಬಿ. ಹತ್ತನೇ ನಂಬರಿನ ಬಾಗಿಲಿಗೆ ಬೇರೆ ಬಣ್ಣ ಬಂದಿತ್ತು. ಕೆಳಗೆ ಮಕ್ಕಳ ಚಪ್ಪಲಿ. ಬೇರೆಯವರ ಬಾಗಿಲಿಗೆ ಸಾವನ್ನು ಅಂಟಿಸುವ ಧೈರ್ಯ ನನಗಾಗಲಿಲ್ಲ. ಹೊರಗೆ ಬಂದು ಜಕರಂಡದ ಬೊಡ್ಡೆಗೆ, ಕಾಗೆಗಳು ತಿಂದ ಜಾಗದ ಮೇಲೆ, ಅಂಟಿಸಿದೆ. ಕೈ ನಡುಗುತ್ತಿತ್ತು. ಗಿರಿಜಾ ಟೇಪು ಹರಿದು ಹರಿದು ಕೊಟ್ಟಳು.

ಗೇಟು ತೆರೆದು ಹೊಸ ಮ್ಯಾನೇಜರ್ ಬಂದ. ಸೊಂಟದಲ್ಲಿ ಬೀಗದ ಕೈಗೊಂಚಲು, ವಯಸ್ಸು ಹೆಚ್ಚಿಲ್ಲ.

"ಸರ್, ಇಲ್ಲಿ ಏನೂ ಅಂಟಿಸೋ ಹಾಗಿಲ್ಲ."

"ಗೊತ್ತು. ನಾನೂ ಇಲ್ಲಿ ಮ್ಯಾನೇಜರ್ ಆಗಿದ್ದೆ."

"ಹಾಗಾದ್ರೆ ನಿಮಗೆ ರೂಲ್ಸು ನನಗಿಂತ ಚೆನ್ನಾಗಿ ಗೊತ್ತಿರಬೇಕು."

ಗೊತ್ತು ಎಂದೆ. ಗಿರಿಜಾ ಒಂದು ಕಪ್ಪು ತುಂಬಿಸಿ ಅವನ ಮುಂದೆ ಹಿಡಿದಳು. ಅವನು ಒಂದು ಚಮಚ ತಿಂದ. ಕಾಗದದ ಹತ್ತಿರ ಹೋಗಿ, ಓದಲು ಬಾರದ ಅಕ್ಷರಗಳನ್ನು ನೋಡುತ್ತ, ಕಪ್ಪು ಖಾಲಿಯಾಗುವವರೆಗೆ ನಿಂತ.

"ಇವರು ನಿಮಗೆ ಏನಾಗಬೇಕು?"

ನಾನು ಕಾಗದದ ಅಂಚನ್ನು ನೇರ ಮಾಡಿದೆ. ಅವನು ನನ್ನ ಮುಖ ನೋಡಿದ, ಉತ್ತರಕ್ಕೆ ಕಾಯಲಿಲ್ಲ. ಎದ್ದಿದ್ದ ಟೇಪಿನ ಒಂದು ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ.

"ಸಂಜೆಯವರೆಗೆ ಇರಲಿ ಬಿಡಿ" ಎಂದ.